ಅನೋವಾ ಟೇಬಲ್: ಸಾಫ್ಟ್‌ವೇರ್ ಪರದೆಯಿಂದ ಪ್ರಬಂಧದ ಪುಟಕ್ಕೆ

ಯಾರಾದರೂ ಥೀಸಿಸ್ ಡ್ರಾಫ್ಟ್ ತಂದುಕೊಟ್ಟರೆ ನಾನು ಮೊದಲು ನೋಡುವುದು ಅದರಲ್ಲಿನ ಮೊದಲ ಅನೋವಾ ಟೇಬಲ್, ಅಂದರೆ ಗುಂಪುಗಳ ಸರಾಸರಿಗಳು ನಿಜಕ್ಕೂ ಬೇರೆಯೇ ಎಂದು ಪರೀಕ್ಷಿಸುವ ಲೆಕ್ಕದ ಪಟ್ಟಿ. ಪಕ್ಕದಲ್ಲೊಂದು ಕ್ಯಾಲ್ಕುಲೇಟರ್ ಇಟ್ಟುಕೊಳ್ಳುತ್ತೇನೆ. ಒಂದು ಕಾಲಂ ಕೂಡಿಸುತ್ತೇನೆ, ಒಂದು ಸಾಲು ಭಾಗಿಸುತ್ತೇನೆ. ಲೆಕ್ಕ ತಾಳೆಯಾದರೆ ಉಳಿದ ಪುಟಗಳನ್ನು ನೆಮ್ಮದಿಯಿಂದ ಓದುತ್ತೇನೆ. ಆದರೆ ಜಾಸ್ತಿ ಸಲ ತಾಳೆ ನೋಡುವುದಕ್ಕೇ ಆಗುವುದಿಲ್ಲ. ಪರದೆಯ ಸ್ಕ್ರೀನ್‌ಶಾಟ್ ಅಂಟಿಸಿರುತ್ತಾರೆ, ಅಂಕಿಗಳು ಮಸುಕು. ಇಲ್ಲವೇ ಪಿ ಬೆಲೆಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಂಭವ) ಪಕ್ಕ ಎರಡು ನಕ್ಷತ್ರ ಹಾಕಿ ಉಳಿದದ್ದನ್ನೆಲ್ಲ ಬಿಟ್ಟಿರುತ್ತಾರೆ. ಎರಡು ಹಂಗಾಮು ಹೊಲದಲ್ಲಿ ದುಡಿದವರ ಕೆಲಸ ಒಂದು ಟೇಬಲ್‌ನಿಂದಾಗಿ ಸಂಶಯಕ್ಕೆ ಸಿಕ್ಕಿಕೊಂಡರೆ ಬೇಜಾರಾಗುತ್ತದೆ.

ಅನೋವಾ ಟೇಬಲ್‌ನ ಸೊಗಸೇ ಇದು: ಮೂಲ ಡೇಟಾ ಕೈಯಲ್ಲಿ ಇಲ್ಲದಿದ್ದರೂ ಓದುವವರು ಕೂತಲ್ಲೇ ನಿಮ್ಮ ಲೆಕ್ಕ ಪರೀಕ್ಷಿಸಬಹುದು. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದರು. 1920ರ ದಶಕದಲ್ಲಿ ಹೊಲದ ಪ್ರಯೋಗಗಳಿಗಾಗಿ ಈ ವಿಧಾನ ಬೆಳೆಸಿದರು. ಅದು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳ ಕಾಲ. ಎಲ್ಲಿ ತಪ್ಪಿದೆ ಎಂದು ಹುಡುಕಲು ಅನುಕೂಲವಾಗುವ ಹಾಗೆ ಸಾಲು, ಕಾಲಂಗಳು ಜೋಡಿಕೊಂಡಿದ್ದವು. ಆ ಆಕಾರ ಇವತ್ತಿಗೂ ಬದಲಾಗಿಲ್ಲ. ಸಾಫ್ಟ್‌ವೇರ್ ಮಾಡಿಕೊಟ್ಟಿದ್ದನ್ನು ಹಾಗೆಯೇ ತಾಳೆ ನೋಡಬಹುದಾದ ರೂಪದಲ್ಲಿ ಪುಟಕ್ಕೆ ತರುವುದು ಹೇಗೆ ಎಂದು ಒಂದು ನಿಜವಾದ ಡೇಟಾ ಹಿಡಿದುಕೊಂಡು ಹೇಳುತ್ತೇನೆ.

ಯಾವ ಸಾಫ್ಟ್‌ವೇರ್, ಯಾವ ಡೇಟಾ

ನಾನು ಜಮೋವಿ ಬಳಸುತ್ತೇನೆ. ಉಚಿತ, ಒಳಗೆ ಓಡುವುದು ಆರ್ ಎಂಬ ಸಂಖ್ಯಾಶಾಸ್ತ್ರದ ಭಾಷೆ. ಮೌಸ್ ಕ್ಲಿಕ್ಕಿನಲ್ಲೇ ಕೆಲಸ ಆಗುತ್ತದೆ. ಎಸ್‌ಪಿಎಸ್‌ಎಸ್ ಅಥವಾ ಜಾಸ್ಪ್ ಬಳಸುವವರಿಗೂ ಇಲ್ಲಿನ ಹೆಜ್ಜೆಗಳು ಹೆಚ್ಚುಕಡಿಮೆ ಹಾಗೇ ಹೊಂದುತ್ತವೆ, ಮೆನುಗಳ ಜಾಗ ಮಾತ್ರ ಬೇರೆ. ಆರ್‌ನಲ್ಲಿ ಎಡವುವ ಜಾಗಗಳನ್ನು ಅಲ್ಲಲ್ಲೇ ಹೇಳುತ್ತೇನೆ.

ಡೇಟಾದ ಹೆಸರು ಟೂತ್‌ಗ್ರೋತ್. ಆರ್ ಜೊತೆಗೇ ಬರುತ್ತದೆ, ಜಮೋವಿಯ ಡೇಟಾ ಲೈಬ್ರರಿಯಲ್ಲೂ ಇದೆ. 1947ರಲ್ಲಿ ಕ್ರ್ಯಾಂಪ್ಟನ್ ಪ್ರಕಟಿಸಿದ ಪ್ರಯೋಗ ಅದು. 60 ಗಿನಿಪಿಗ್‌ಗಳಿಗೆ ದಿನಕ್ಕೆ 0.5, 1 ಅಥವಾ 2 ಮಿಲಿಗ್ರಾಂ ವಿಟಮಿನ್ ಸಿ ಕೊಟ್ಟರು. ಅರ್ಧದಷ್ಟಕ್ಕೆ ಕಿತ್ತಳೆ ರಸದ ರೂಪದಲ್ಲಿ, ಉಳಿದರ್ಧಕ್ಕೆ ಆಸ್ಕಾರ್ಬಿಕ್ ಆಸಿಡ್ ರೂಪದಲ್ಲಿ. ಅಳೆದದ್ದು ಹಲ್ಲು ಬೆಳೆಸುವ ಜೀವಕೋಶಗಳ ಉದ್ದ. ಎರಡು ರೂಪ, ಮೂರು ಪ್ರಮಾಣ, ಒಟ್ಟು ಆರು ಗುಂಪು, ಪ್ರತಿ ಗುಂಪಿನಲ್ಲಿ 10 ಪ್ರಾಣಿ. ನಿಮ್ಮದು ಎರಡು ರಾಗಿ ತಳಿ, ಮೂರು ಸಾರಜನಕ ಪ್ರಮಾಣ ಇರಬಹುದು. ಲೆಕ್ಕದ ಹಾದಿ ಅದೇ.

ಮೊದಲ ಹೆಜ್ಜೆ: ಕಾಲಂ ಯಾವ ಜಾತಿಯದು ಎಂದು ನೋಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾನು ನೋಡಿದ ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದೇ ಇಲ್ಲಿ.

ಪ್ರಮಾಣದ ಕಾಲಂನಲ್ಲಿ ಅಂಕಿಗಳಿವೆ. ಸಾಫ್ಟ್‌ವೇರ್‌ಗೆ ಅದು ಗುಂಪಿನ ಹೆಸರೋ, ಅಳತೆಯೋ ತಾನಾಗಿ ಗೊತ್ತಾಗುವುದಿಲ್ಲ. ಜಮೋವಿಯಲ್ಲಿ ಕಾಲಂ ತಲೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಜಾತಿ ಕಾಣುತ್ತದೆ. ಉದ್ದದ ಕಾಲಂ ಕಂಟಿನ್ಯೂಯಸ್ (ಅಳತೆ) ಇರಬೇಕು. ರೂಪ ನಾಮಿನಲ್ (ಗುಂಪಿನ ಹೆಸರು), ಪ್ರಮಾಣ ನಾಮಿನಲ್ ಅಥವಾ ಆರ್ಡಿನಲ್ (ಕ್ರಮವಿರುವ ಗುಂಪು) ಇರಬೇಕು.

ಆರ್‌ನಲ್ಲಿ ಈ ಕಾಲಂ ಅಂಕಿಯಾಗಿಯೇ ಬರುತ್ತದೆ. ಅದನ್ನು ಫ್ಯಾಕ್ಟರ್ (ಗುಂಪಿನ ಹೆಸರು) ಮಾಡದೆ ಅನೋವಾ ಓಡಿಸಿದರೆ ಆರ್ ಏನೂ ದೂರು ಹೇಳುವುದಿಲ್ಲ. ಸುಮ್ನೆ ಒಂದು ಸರಳರೇಖೆ ಎಳೆದು ಲೆಕ್ಕ ಕೊಡುತ್ತದೆ. ಆಗ ಪ್ರಮಾಣದ ಎದುರು ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ) 1 ಬರುತ್ತದೆ, ರೆಸಿಡ್ಯುಯಲ್ (ಫ್ಯಾಕ್ಟರ್‌ಗಳಿಂದ ವಿವರಿಸಲಾಗದೆ ಉಳಿದ ವ್ಯತ್ಯಾಸ) ಎದುರು 56. ಮೂರು ಪ್ರಮಾಣ ಇದ್ದ ಮೇಲೆ ಡಿಎಫ್ ಅದಕ್ಕಿಂತ ಒಂದು ಕಡಿಮೆ, ಅಂದರೆ 2 ಬರಬೇಕಲ್ವಾ? ರೆಸಿಡ್ಯುಯಲ್ 54 ಇರಬೇಕು. ಎಫ್ ಬೆಲೆಗಳೂ (ಗುಂಪುಗಳ ನಡುವಿನ ವ್ಯತ್ಯಾಸ ರೆಸಿಡ್ಯುಯಲ್‌ನ ಎಷ್ಟು ಪಟ್ಟು ಎಂಬ ಅಂಕಿ) ಬದಲಾಗುತ್ತವೆ: ರೂಪದ ಎಫ್ 15.57 ಬರಬೇಕಾದಲ್ಲಿ 12.32 ಬರುತ್ತದೆ. ಎರಡೂ ಸಿಗ್ನಿಫಿಕೆಂಟ್ (ಪಿ 0.05ಕ್ಕಿಂತ ಕಡಿಮೆ), ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಎಫ್ ಕಾಲಂ ಒಂದೇ ಈ ತಪ್ಪನ್ನು ಹಿಡಿದುಕೊಡುತ್ತದೆ. ಆ ಕಾಲಂ ಅನ್ನು ಟೇಬಲ್‌ನಿಂದ ಯಾವತ್ತೂ ತೆಗೆಯಬೇಡಿ.

ಆದ್ದರಿಂದ ಸಾಫ್ಟ್‌ವೇರ್ ಮುಟ್ಟುವ ಮೊದಲೇ ಒಂದು ಚೀಟಿಯಲ್ಲಿ ಡಿಎಫ್ ಬರೆದಿಟ್ಟುಕೊಳ್ಳಿ. ನಮ್ಮ ಉದಾಹರಣೆಗೆ: ರೂಪ 1, ಪ್ರಮಾಣ 2, ಇಂಟರಾಕ್ಷನ್ (ಒಂದು ಫ್ಯಾಕ್ಟರ್‌ನ ಪರಿಣಾಮ ಇನ್ನೊಂದಕ್ಕೆ ತಕ್ಕಂತೆ ಬದಲಾಗುವುದು) 2, ರೆಸಿಡ್ಯುಯಲ್ 54, ಒಟ್ಟು 59. ಪರದೆಯಲ್ಲಿ ಬಂದದ್ದು ಚೀಟಿಗೆ ಹೊಂದಲಿಲ್ಲ ಎಂದರೆ ಮುಂದೆ ಹೋಗಬೇಡಿ.

ಎರಡನೇ ಹೆಜ್ಜೆ: ಓಡಿಸಿ

ಅನಾಲಿಸಿಸ್ ಟ್ಯಾಬ್‌ನಲ್ಲಿ ಅನೋವಾ, ಅದರೊಳಗೆ ಮತ್ತೆ ಅನೋವಾ. ಉದ್ದವನ್ನು ಡಿಪೆಂಡೆಂಟ್ ವೇರಿಯಬಲ್ ಪೆಟ್ಟಿಗೆಗೆ, ರೂಪ ಮತ್ತು ಪ್ರಮಾಣವನ್ನು ಫಿಕ್ಸ್ಡ್ ಫ್ಯಾಕ್ಟರ್ಸ್ ಪೆಟ್ಟಿಗೆಗೆ ಹಾಕಿ. ಎಫೆಕ್ಟ್ ಸೈಜ್‌ನಲ್ಲಿ (ಪರಿಣಾಮ ಎಷ್ಟು ದೊಡ್ಡದು ಎಂಬ ಅಳತೆ) ಪಾರ್ಷಿಯಲ್ ಈಟಾ ಸ್ಕ್ವೇರ್ಡ್ ಟಿಕ್ ಮಾಡಿ. ಬಲಬದಿಯಲ್ಲಿ ಟೇಬಲ್ ಬಂದುಬಿಡುತ್ತದೆ.

ಆರ್‌ಬಿಡಿ (ರಾಂಡಮೈಸ್ಡ್ ಬ್ಲಾಕ್ ಡಿಸೈನ್: ಹೊಲವನ್ನು ಬ್ಲಾಕ್‌ಗಳಾಗಿ ವಿಂಗಡಿಸಿ ಪ್ರತಿಯೊಂದರಲ್ಲೂ ಎಲ್ಲ ಟ್ರೀಟ್‌ಮೆಂಟ್ ಹಾಕುವುದು) ಮಾಡಿದವರಿಗೆ ಇಲ್ಲೊಂದು ಕಿವಿಮಾತು. ನಮ್ಮ ಕೃಷಿ ಪ್ರಯೋಗಗಳಲ್ಲಿ ಬಹುಪಾಲು ಅದೇ. ರೆಪ್ಲಿಕೇಶನ್ (ಬ್ಲಾಕ್) ಕಾಲಂ ಅನ್ನೂ ಫಿಕ್ಸ್ಡ್ ಫ್ಯಾಕ್ಟರ್ಸ್‌ಗೆ ಹಾಕಬೇಕು. ಆದರೆ ಜಮೋವಿ ತಾನಾಗಿ ಟ್ರೀಟ್‌ಮೆಂಟ್ ಮತ್ತು ರೆಪ್ಲಿಕೇಶನ್‌ಗಳ ಇಂಟರಾಕ್ಷನ್ ಕೂಡ ಸೇರಿಸಿಬಿಡುತ್ತದೆ. ಒಂದು ರೆಪ್ಲಿಕೇಶನ್‌ನಲ್ಲಿ ಒಂದು ಟ್ರೀಟ್‌ಮೆಂಟ್‌ಗೆ ಒಂದೇ ಪ್ಲಾಟ್ ಇರುವುದರಿಂದ ಎರರ್‌ಗೆ (ರೆಸಿಡ್ಯುಯಲ್‌ನ ಇನ್ನೊಂದು ಹೆಸರು) ಡಿಎಫ್ ಸೊನ್ನೆಯಾಗುತ್ತದೆ, ಎಫ್ ಬರುವುದೇ ಇಲ್ಲ. ಮಾಡೆಲ್ ಎಂಬ ಭಾಗ ತೆರೆದು ಆ ಇಂಟರಾಕ್ಷನ್ ತೆಗೆಯಿರಿ. 8 ಟ್ರೀಟ್‌ಮೆಂಟ್, 3 ರೆಪ್ಲಿಕೇಶನ್ ಇದ್ದರೆ ಡಿಎಫ್ ಹೀಗೆ ಬರಬೇಕು: ರೆಪ್ಲಿಕೇಶನ್ 2, ಟ್ರೀಟ್‌ಮೆಂಟ್ 7, ಎರರ್ 14, ಒಟ್ಟು 23. ರೆಪ್ಲಿಕೇಶನ್ ಸಾಲನ್ನು ಟೇಬಲ್‌ನಲ್ಲೂ ಉಳಿಸಿಕೊಳ್ಳಿ.

ಸ್ಪ್ಲಿಟ್ ಪ್ಲಾಟ್ (ದೊಡ್ಡ ಪ್ಲಾಟ್‌ಗಳಿಗೆ ಒಂದು ಫ್ಯಾಕ್ಟರ್, ಅವುಗಳೊಳಗಿನ ಚಿಕ್ಕ ಪ್ಲಾಟ್‌ಗಳಿಗೆ ಇನ್ನೊಂದು) ಆದರೆ ಈ ದಾರಿ ಹಿಡಿಯಲೇಬೇಡಿ. ಅಲ್ಲಿ ಮೇನ್ ಪ್ಲಾಟ್‌ಗೆ ಒಂದು ಎರರ್, ಸಬ್ ಪ್ಲಾಟ್‌ಗೆ ಇನ್ನೊಂದು. ಟೇಬಲ್‌ನಲ್ಲಿ ಎರಡು ಎರರ್ ಸಾಲು ಕಾಣಲೇಬೇಕು. ಆರ್‌ನ ಅಗ್ರಿಕೋಲೇ ಪ್ಯಾಕೇಜ್‌ನಲ್ಲಿ ಇದಕ್ಕೆಂದೇ ಫಂಕ್ಷನ್ ಇದೆ.

ಮೂರನೇ ಹೆಜ್ಜೆ: ಟೈಪ್ ಯಾವುದು

ಟೈಪ್ ಎಂದರೆ ವರ್ಗಗಳ ಮೊತ್ತವನ್ನು (ಸರಾಸರಿಯಿಂದ ಇರುವ ಅಂತರಗಳ ವರ್ಗಗಳನ್ನು ಕೂಡಿಸಿದ್ದು) ಫ್ಯಾಕ್ಟರ್‌ಗಳಿಗೆ ಹಂಚುವ ಬಗೆ. ಗುಂಪುಗಳಲ್ಲಿ ಸಂಖ್ಯೆ ಸಮ ಇದ್ದರೆ ಟೈಪ್ 1, 2, 3 ಮೂರೂ ಒಂದೇ ಉತ್ತರ ಕೊಡುತ್ತವೆ. ನಮ್ಮ ಗಿನಿಪಿಗ್‌ಗಳದ್ದು ಹಾಗೆ. ಆದರೆ ನಾಲ್ಕು ಗಿಡ ಒಣಗಿಹೋದವು, ಒಂದು ಪ್ಲಾಟ್‌ಗೆ ಹಂದಿ ನುಗ್ಗಿತು ಎಂದಾದರೆ ಸಮ ತಪ್ಪುತ್ತದೆ. ಆಗ ಮೂರೂ ಬೇರೆ ಬೇರೆ.

ಎಸ್‌ಪಿಎಸ್‌ಎಸ್, ಜಮೋವಿ, ಜಾಸ್ಪ್ ತಾವಾಗಿ ಟೈಪ್ 3 ಕೊಡುತ್ತವೆ. ಆರ್‌ನ ಮೂಲ ಎ-ಒ-ವಿ ಫಂಕ್ಷನ್ ಟೈಪ್ 1 ಕೊಡುತ್ತದೆ, ಅಂದರೆ ಫ್ಯಾಕ್ಟರ್‌ಗಳನ್ನು ಬರೆದ ಕ್ರಮ ಬದಲಿಸಿದರೆ ಅಂಕಿಗಳೂ ಬದಲು. ಆರ್‌ನ ಕಾರ್ ಪ್ಯಾಕೇಜ್ ತಾನಾಗಿ ಕೊಡುವುದು ಟೈಪ್ 2. ಅದರಲ್ಲಿ ಟೈಪ್ 3 ಕೇಳುವುದಾದರೆ ಮೊದಲು ಕಾಂಟ್ರಾಸ್ಟ್‌ಗಳನ್ನು (ಗುಂಪುಗಳಿಗೆ ಕೊಡುವ ಸಂಕೇತ ಅಂಕಿಗಳು) ಸಮ್-ಟು-ಝೀರೊ, ಅಂದರೆ ಕೂಡಿದರೆ ಸೊನ್ನೆ ಬರುವ ಹಾಗೆ, ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮೇನ್ ಎಫೆಕ್ಟ್‌ನ (ಒಂದೊಂದು ಫ್ಯಾಕ್ಟರ್‌ನ ಒಟ್ಟಾರೆ ಪರಿಣಾಮದ) ಅಂಕಿಗಳಿಗೆ ಅರ್ಥ ಇರುವುದಿಲ್ಲ. ಗೈಡ್ ಎಸ್‌ಪಿಎಸ್‌ಎಸ್‌ನಲ್ಲಿ ಮಾಡಿದ್ದು, ವಿದ್ಯಾರ್ಥಿ ಆರ್‌ನಲ್ಲಿ ಮಾಡಿದ್ದು ಹೊಂದುತ್ತಿಲ್ಲ ಎಂಬ ಜಗಳಕ್ಕೆ ಎಷ್ಟೋ ಸಲ ಇದೇ ಕಾರಣ. ಇಬ್ಬರೂ ಸರಿಯೇ ಇರುತ್ತಾರೆ. ಯಾವ ಟೈಪ್ ಎಂದು ಟೇಬಲ್ ಕೆಳಗಿನ ಟಿಪ್ಪಣಿಯಲ್ಲಿ ಬರೆದರೆ ಜಗಳ ಅಲ್ಲಿಗೆ ಮುಗಿಯಿತು.

ನಾಲ್ಕನೇ ಹೆಜ್ಜೆ: ಊಹೆಗಳ ಪರೀಕ್ಷೆ

ಅಸಂಪ್ಷನ್ ಚೆಕ್ಸ್ ಭಾಗದಲ್ಲಿ ಮೂರನ್ನೂ ಟಿಕ್ ಮಾಡಿ. ನಾರ್ಮಾಲಿಟಿ (ಗಂಟೆಯಾಕಾರದ ಹಂಚಿಕೆ) ನೋಡಬೇಕಾದ್ದು ರೆಸಿಡ್ಯುಯಲ್‌ಗಳದ್ದು, ಕಚ್ಚಾ ಅಂಕಿಗಳದ್ದಲ್ಲ. ಇಲ್ಲಿ ಅದರ ಪರೀಕ್ಷೆಯಾದ ಶಪೀರೊ-ವಿಲ್ಕ್ 0.985, ಪಿ 0.669; ಪಿ 0.05ಕ್ಕಿಂತ ಮೇಲಿದ್ದರೆ ತಕರಾರಿಲ್ಲ. ಗುಂಪುಗಳ ಚದುರುವಿಕೆ ಸಮವೇ ಎಂದು ನೋಡುವ ಲೆವೀನ್ ಟೆಸ್ಟ್‌ನ ಪಿ ಕೂಡ 0.05ಕ್ಕಿಂತ ಮೇಲಿದೆ. ಲೆವೀನ್ ಅನ್ನು ಕೆಲವು ಸಾಫ್ಟ್‌ವೇರ್ ಸರಾಸರಿಯಿಂದ, ಕೆಲವು ಮಧ್ಯಾಂಕದಿಂದ ಲೆಕ್ಕ ಹಾಕುತ್ತವೆ. ಹಾಗಾಗಿ ಅಂಕಿ ಸ್ವಲ್ಪ ಆಚೀಚೆ ಆದರೆ ಗಾಬರಿ ಬೇಡ. ಇವುಗಳಿಗೆ ಬೇರೆ ಟೇಬಲ್ ಬೇಕಿಲ್ಲ, ಪಠ್ಯದಲ್ಲಿ ಒಂದು ವಾಕ್ಯ ಸಾಕು.

ಐದನೇ ಹೆಜ್ಜೆ: ಟೇಬಲ್ ಕಟ್ಟುವುದು

ಪುಟಕ್ಕೆ ಹೋಗಬೇಕಾದ ಟೇಬಲ್ ಇದು.

ಟೇಬಲ್ 1. ವಿಟಮಿನ್ ಸಿ ಕೊಟ್ಟ ರೂಪ ಮತ್ತು ಪ್ರಮಾಣಕ್ಕೆ ತಕ್ಕಂತೆ ಜೀವಕೋಶದ ಉದ್ದ: ಎರಡು ಫ್ಯಾಕ್ಟರ್ ಅನೋವಾ

| ವ್ಯತ್ಯಾಸದ ಮೂಲ | ವರ್ಗಗಳ ಮೊತ್ತ | ಡಿಎಫ್ | ಸರಾಸರಿ ವರ್ಗ | ಎಫ್ | ಪಿ | ಪಾರ್ಷಿಯಲ್ ಈಟಾ ಸ್ಕ್ವೇರ್ಡ್ |
|---|---|---|---|---|---|---|
| ರೂಪ | 205.35 | 1 | 205.35 | 15.57 | <0.001 | 0.22 |
| ಪ್ರಮಾಣ | 2426.43 | 2 | 1213.22 | 92.00 | <0.001 | 0.77 |
| ರೂಪ × ಪ್ರಮಾಣ | 108.32 | 2 | 54.16 | 4.11 | 0.022 | 0.13 |
| ರೆಸಿಡ್ಯುಯಲ್ | 712.11 | 54 | 13.19 | | | |
| ಒಟ್ಟು | 3452.21 | 59 | | | | |

ಟಿಪ್ಪಣಿ: ಒಟ್ಟು 60 ಪ್ರಾಣಿ, ಪ್ರತಿ ಗುಂಪಿನಲ್ಲಿ 10. ಟೈಪ್ 3 ವರ್ಗಗಳ ಮೊತ್ತ.

ಈಗ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಎರಡನೇ ಕಾಲಂ ಮೇಲಿನಿಂದ ಕೂಡಿಸಿ: 205.35, 2426.43, 108.32, 712.11. ಬಂದದ್ದು 3452.21, ಒಟ್ಟಿನ ಸಾಲಿಗೆ ತಾಳೆ. ಡಿಎಫ್ ಕೂಡಿಸಿ: 1, 2, 2, 54, ಒಟ್ಟು 59. ಪ್ರಾಣಿಗಳ ಸಂಖ್ಯೆಗಿಂತ ಒಂದು ಕಡಿಮೆ, ತಾಳೆ. 712.11 ಅನ್ನು 54ರಿಂದ ಭಾಗಿಸಿ: 13.187. ಅದರಿಂದ 205.35 ಅನ್ನು ಭಾಗಿಸಿದರೆ 15.57. ಮೊತ್ತ ತಾಳೆ ನೋಡುವುದಕ್ಕಾಗಿಯೇ ಒಟ್ಟು ಎಂಬ ಸಾಲು ಬೇಕು. ಜಮೋವಿ ಆ ಸಾಲು ಕೊಡುವುದಿಲ್ಲ, ನೀವೇ ಸೇರಿಸಿ. ಒಂದೇ ಎಚ್ಚರ: ಗುಂಪುಗಳು ಸಮ ಇಲ್ಲದ ಟೈಪ್ 2, 3 ಟೇಬಲ್‌ಗಳಲ್ಲಿ ಸಾಲುಗಳು ಒಟ್ಟಿಗೆ ಕೂಡುವುದಿಲ್ಲ. ಅಲ್ಲಿ ಒಟ್ಟು ಬಿಡಿ.

ಪ್ರಮಾಣದ ಸಾಲಿನಲ್ಲಿ ಒಂದು ಸೂಕ್ಷ್ಮ ಇದೆ. ಟೇಬಲ್‌ನಲ್ಲಿ ಅಚ್ಚಾದ 1213.22 ಅನ್ನು ಅಚ್ಚಾದ 13.19ರಿಂದಲೇ ಭಾಗಿಸಿದರೆ 91.98 ಬರುತ್ತದೆ, 92.00 ಅಲ್ಲ. 13.187ರಿಂದ ಭಾಗಿಸಿದರೆ ಸರಿಯಾಗಿ 92.00. ರೌಂಡ್ ಮಾಡಿದ ಅಂಕಿಯಿಂದ ಮತ್ತೊಂದು ಅಂಕಿ ಲೆಕ್ಕ ಹಾಕಬಾರದು ಎನ್ನುವುದು ಇದಕ್ಕೇ. ಲೆಕ್ಕವೆಲ್ಲ ಸಾಫ್ಟ್‌ವೇರ್ ಒಳಗೆ ಮುಗಿಯಲಿ, ರೌಂಡ್ ಮಾಡುವುದು ಕಟ್ಟಕಡೆಗೆ. ಜಮೋವಿಯಲ್ಲಿ ಮೇಲೆ ಬಲಮೂಲೆಯ ಮೂರು ಚುಕ್ಕಿ ಒತ್ತಿದರೆ ನಂಬರ್ ಫಾರ್ಮ್ಯಾಟ್ ಸಿಗುತ್ತದೆ. ಅದು ಸಾಮಾನ್ಯವಾಗಿ 3 ಸಿಗ್ನಿಫಿಕೆಂಟ್ ಫಿಗರ್‌ನಲ್ಲಿ ಇರುತ್ತದೆ. ಅದನ್ನು ದಶಮಾಂಶ ಸ್ಥಾನಕ್ಕೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ವರ್ಗಗಳ ಮೊತ್ತದ ಕಾಲಂನಲ್ಲಿ 2426, ಸರಾಸರಿ ವರ್ಗದ ಕಾಲಂನಲ್ಲಿ 13.2 ಹೀಗೆ ಒಂದೊಂದು ಕಾಲಂಗೆ ಒಂದೊಂದು ಬಗೆಯ ದಶಮಾಂಶ ಬರುತ್ತದೆ.

ಪಿ ಬೆಲೆಯನ್ನು ಎಂದಿಗೂ 0.000 ಎಂದು ಬರೆಯಬೇಡಿ. ಎಸ್‌ಪಿಎಸ್‌ಎಸ್ ಹಾಗೆ ತೋರಿಸುವುದುಂಟು, ಆದರೆ ಪಿ ಸೊನ್ನೆ ಆಗುವುದಿಲ್ಲ. <0.001 ಎನ್ನಿ. ಉಳಿದೆಡೆ ಇದ್ದ ಬೆಲೆಯನ್ನೇ ಬರೆಯಿರಿ. 0.022 ಎಂದು ಬರೆದರೆ ಓದುವವರಿಗೆ ಸಿಗುವ ಮಾಹಿತಿ ಒಂದು ನಕ್ಷತ್ರದಿಂದ ಸಿಗುವುದಿಲ್ಲ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ ಜರ್ನಲ್ ಆದರೆ ಪಿ ಮತ್ತು ಈಟಾ ಸ್ಕ್ವೇರ್ಡ್‌ಗಳ ದಶಮಾಂಶ ಬಿಂದುವಿನ ಹಿಂದಿನ ಸೊನ್ನೆ ಇರಬಾರದು, ಯಾಕೆಂದರೆ ಇವು 1ನ್ನು ದಾಟುವುದಿಲ್ಲ. ಬೇರೆ ಜರ್ನಲ್‌ಗಳು ಸೊನ್ನೆ ಇರಲಿ ಎನ್ನುತ್ತವೆ. ಕಳಿಸಬೇಕೆಂದಿರುವ ಜರ್ನಲ್‌ನ ಇತ್ತೀಚಿನ ಸಂಚಿಕೆ ಒಂದನ್ನು ತೆರೆದಿಟ್ಟುಕೊಂಡು ಹಾಗೆಯೇ ಮಾಡಿ.

ಕೊನೆಯ ಕಾಲಂ ಬಗ್ಗೆ ಒಂದು ಮಾತು. ಪ್ರಮಾಣದ ಎದುರು 0.77 ಇದೆ ಎಂದು "ಒಟ್ಟು ವ್ಯತ್ಯಾಸದಲ್ಲಿ ಶೇ 77 ಪ್ರಮಾಣದಿಂದ ಬಂತು" ಎಂದು ಬರೆದುಬಿಡುತ್ತಾರೆ. ತಪ್ಪು. ಮೂರೂ ಪಾರ್ಷಿಯಲ್ ಬೆಲೆ ಕೂಡಿಸಿ ನೋಡಿ: 0.22, 0.77, 0.13 ಸೇರಿ 1.12 ಆಗುತ್ತದೆ. ಶೇ 100 ಮೀರಿದ ಪಾಲು ಇರಲು ಸಾಧ್ಯವೇ? ಒಟ್ಟಿನ ಪಾಲು ಬೇಕಿದ್ದರೆ 2426.43 ಅನ್ನು 3452.21ರಿಂದ ಭಾಗಿಸಬೇಕು. ಬರುವುದು 0.70. ಅದು ಬರೀ ಈಟಾ ಸ್ಕ್ವೇರ್ಡ್. ಎರಡರಲ್ಲಿ ಯಾವುದನ್ನಾದರೂ ಕೊಡಬಹುದು, ಹೆಸರು ಮಾತ್ರ ಸರಿಯಾಗಿ ಬರೆಯಿರಿ.

ಆರನೇ ಹೆಜ್ಜೆ: ಸರಾಸರಿಗಳಿಲ್ಲದೆ ಕಥೆ ಇಲ್ಲ

ಅನೋವಾ ಟೇಬಲ್ ವ್ಯತ್ಯಾಸ ಇದೆ ಎನ್ನುತ್ತದೆ, ಯಾವ ಕಡೆಗೆ ಎನ್ನುವುದಿಲ್ಲ. ಅದಕ್ಕೆ ಸರಾಸರಿಗಳ ಟೇಬಲ್ ಬೇಕು. ಬೆಂಗಳೂರು, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ಗಳಲ್ಲಿ ಸರಾಸರಿ, ಅದರ ಕೆಳಗೆ ಎಸ್.ಇಎಂ ± (ಸರಾಸರಿಯ ಸ್ಟ್ಯಾಂಡರ್ಡ್ ಎರರ್), ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್: ಸಿಗ್ನಿಫಿಕೆಂಟ್ ಎನ್ನಲು ಬೇಕಾದ ಕನಿಷ್ಠ ಅಂತರ) ಕೊಡುವುದು ಹಳೆಯ ರೂಢಿ. ನನಗೆ ಆ ರೂಢಿಯ ಬಗ್ಗೆ ಗೌರವವಿದೆ. ಎರಡು ಅಂಕಿಗಳ ನಡುವಿನ ಅಂತರ ಸಿ.ಡಿ.ಗಿಂತ ದೊಡ್ಡದೋ ಚಿಕ್ಕದೋ ಎಂದು ಓದುಗರು ತಾವೇ ಕಳೆದು ನೋಡಿಕೊಳ್ಳಬಹುದು.

ಟೇಬಲ್ 2. ಗುಂಪುಗಳ ಸರಾಸರಿ

| ರೂಪ | 0.5 ಮಿ.ಗ್ರಾಂ | 1 ಮಿ.ಗ್ರಾಂ | 2 ಮಿ.ಗ್ರಾಂ | ಸರಾಸರಿ |
|---|---|---|---|---|
| ಕಿತ್ತಳೆ ರಸ | 13.23 | 22.70 | 26.06 | 20.66 |
| ಆಸ್ಕಾರ್ಬಿಕ್ ಆಸಿಡ್ | 7.98 | 16.77 | 26.14 | 16.96 |
| ಸರಾಸರಿ | 10.61 | 19.74 | 26.10 | 18.81 |

| | ಎಸ್.ಇಎಂ ± | ಸಿ.ಡಿ. (5%) |
|---|---|---|
| ರೂಪ | 0.66 | 1.88 |
| ಪ್ರಮಾಣ | 0.81 | 2.30 |
| ರೂಪ × ಪ್ರಮಾಣ | 1.15 | 3.26 |

ಜಮೋವಿ ಸಿ.ಡಿ. ಕೊಡುವುದಿಲ್ಲ, ಆದರೆ ಟೇಬಲ್ 1ರಿಂದಲೇ ತೆಗೆಯಬಹುದು. ರೆಸಿಡ್ಯುಯಲ್ ಸರಾಸರಿ ವರ್ಗ 13.187. ಒಂದು ಗುಂಪಿನ ಸರಾಸರಿಯ ಹಿಂದೆ 10 ಅಳತೆ ಇವೆ. 13.187 ಅನ್ನು 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.148, ಅದೇ ಎಸ್.ಇಎಂ. ಅದನ್ನು 1.414ರಿಂದ ಗುಣಿಸಿ, 54 ಡಿಎಫ್‌ಗೆ ಇರುವ ಟಿ ಬೆಲೆ 2.005ರಿಂದ ಗುಣಿಸಿದರೆ ಸಿ.ಡಿ. 3.26. ರೂಪದ ಸರಾಸರಿಯ ಹಿಂದೆ 30 ಅಳತೆ, ಪ್ರಮಾಣದ ಹಿಂದೆ 20. ಅಲ್ಲಿ ಭಾಗಿಸುವ ಸಂಖ್ಯೆ ಬದಲಾಗುತ್ತದೆ. ಮೂರಕ್ಕೂ ಒಂದೇ ಸಿ.ಡಿ. ಹಾಕಿದ ಟೇಬಲ್‌ಗಳನ್ನು ನೋಡಿದ್ದೇನೆ, ಹಾಗೆ ಆಗಬಾರದು. ಎಫ್ ಸಿಗ್ನಿಫಿಕೆಂಟ್ ಇಲ್ಲದಿದ್ದರೆ ಸಿ.ಡಿ. ಜಾಗದಲ್ಲಿ ಎನ್‌ಎಸ್ (ನಾನ್ ಸಿಗ್ನಿಫಿಕೆಂಟ್) ಬರೆಯುವುದು ಪದ್ಧತಿ.

ಈಗ ಟೇಬಲ್ 2 ಓದಿ. 0.5 ಮಿಲಿಗ್ರಾಂನಲ್ಲಿ ಕಿತ್ತಳೆ ರಸ 5.25ರಷ್ಟು ಮುಂದಿದೆ. 1 ಮಿಲಿಗ್ರಾಂನಲ್ಲಿ 5.93 ಮುಂದಿದೆ. ಎರಡೂ 3.26ಕ್ಕಿಂತ ಜಾಸ್ತಿ. 2 ಮಿಲಿಗ್ರಾಂಗೆ ಬಂದರೆ ಅಂತರ ಬರೀ 0.08, ಅದೂ ಇನ್ನೊಂದು ಕಡೆಗೆ. ಟೇಬಲ್ 1ರ ಇಂಟರಾಕ್ಷನ್ ಸಾಲು ಹೇಳುತ್ತಿದ್ದದ್ದು ಇದನ್ನೇ. ಹಾಗಾಗಿ "ಕಿತ್ತಳೆ ರಸವೇ ಒಳ್ಳೆಯದು" ಎಂದು ರೂಪದ ಸಾಲೊಂದನ್ನೇ ಹಿಡಿದು ಬರೆದರೆ ಅರ್ಧ ಸತ್ಯ. ಇಂಟರಾಕ್ಷನ್ ಸಿಗ್ನಿಫಿಕೆಂಟ್ ಬಂದಾಗ ಮೊದಲು ಅದರ ಮಾತಾಡಿ, ಮೇನ್ ಎಫೆಕ್ಟ್ ಆಮೇಲೆ.

ಸಿ.ಡಿ. ಬಗ್ಗೆ ಹೊರಗಿನ ಜರ್ನಲ್‌ಗಳ ತಕರಾರು ಒಂದಿದೆ. ಆರು ಸರಾಸರಿಗಳಿಂದ 15 ಜೋಡಿಗಳಾಗುತ್ತವೆ. ಎಲ್ಲವನ್ನೂ ಶೇ 5ರ ಮಟ್ಟದಲ್ಲಿ ಹೋಲಿಸುತ್ತ ಹೋದರೆ ಎಲ್ಲೋ ಒಂದು ಸುಳ್ಳು ವ್ಯತ್ಯಾಸ ಸಿಕ್ಕೇ ಸಿಗಬಹುದು. ಅವರು ಟುಕಿ ಕೇಳುತ್ತಾರೆ, ಅಂದರೆ ಜೋಡಿಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪರೀಕ್ಷೆ. ಪೋಸ್ಟ್ ಹಾಕ್ ಟೆಸ್ಟ್ಸ್ ಭಾಗದಲ್ಲಿ ಇಂಟರಾಕ್ಷನ್ ಅನ್ನು ಬಲಕ್ಕೆ ಸರಿಸಿ, ಟುಕಿ ಟಿಕ್ ಮಾಡಿ. ರಸ ಮತ್ತು ಆಸಿಡ್ ನಡುವಿನ ಪಿ ಬೆಲೆ 0.5 ಮಿಲಿಗ್ರಾಂನಲ್ಲಿ 0.024, 1 ಮಿಲಿಗ್ರಾಂನಲ್ಲಿ 0.007 ಬರುತ್ತದೆ. 2 ಮಿಲಿಗ್ರಾಂನಲ್ಲಿ ಪರದೆ 1.000 ತೋರಿಸುತ್ತದೆ, ನೀವು >0.999 ಎಂದು ಬರೆಯಿರಿ. ತೀರ್ಮಾನ ಇಲ್ಲಿ ಬದಲಾಗಲಿಲ್ಲ, ಆದರೆ ಯಾವಾಗಲೂ ಹೀಗೆ ಆಗುವುದಿಲ್ಲ. ಯಾವ ಪರೀಕ್ಷೆ ಎಂದು ಡೇಟಾ ನೋಡುವ ಮೊದಲೇ ಗೈಡ್ ಜೊತೆ ಕೂತು ನಿರ್ಧರಿಸಿ. ಎರಡನ್ನೂ ಮಾಡಿ ಬೇಕಾದದ್ದನ್ನು ಆರಿಸಿಕೊಳ್ಳುವುದು ಪ್ರಾಮಾಣಿಕ ಕೆಲಸವಲ್ಲ.

ಏಳನೇ ಹೆಜ್ಜೆ: ವರ್ಡ್‌ಗೆ ತರುವುದು

ಜಮೋವಿ ಟೇಬಲ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ, ವರ್ಡ್‌ನಲ್ಲಿ ಪೇಸ್ಟ್ ಮಾಡಿ. ನಿಜವಾದ ಟೇಬಲ್ ಆಗಿಯೇ ಬರುತ್ತದೆ, ಒಂದೊಂದು ಅಂಕಿಯನ್ನೂ ತಿದ್ದಬಹುದು. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಆರ್ ಬಳಸುವವರಿಗೆ ಫ್ಲೆಕ್ಸ್‌ಟೇಬಲ್ ಮತ್ತು ಎಪಿಎಟೇಬಲ್ಸ್ ಪ್ಯಾಕೇಜ್‌ಗಳು ನೇರ ವರ್ಡ್ ಫೈಲ್ ಮಾಡಿಕೊಡುತ್ತವೆ. ಕೈಯಿಂದ ಟೈಪ್ ಮಾಡುವುದನ್ನು ಆದಷ್ಟು ತಪ್ಪಿಸಿ. 54 ಹೋಗಿ 45 ಆಗಲು ಒಂದು ನಿದ್ದೆಗಣ್ಣಿನ ರಾತ್ರಿ ಸಾಕು.

ಅಡ್ಡಗೆರೆ ಮೂರೇ ಸಾಕು: ತಲೆಬರಹದ ಮೇಲೊಂದು, ಕೆಳಗೊಂದು, ಟೇಬಲ್ ಕೊನೆಗೊಂದು. ಉದ್ದಗೆರೆ ಬೇಡ. ಅಂಕಿಗಳು ದಶಮಾಂಶ ಬಿಂದುವಿಗೆ ಸಾಲಾಗಿ ನಿಲ್ಲಲಿ. ವರ್ಡ್‌ನ ಡೆಸಿಮಲ್ ಟ್ಯಾಬ್ ಇದಕ್ಕೇ ಇರುವುದು. ಸ್ಪೇಸ್ ಒತ್ತಿ ಒತ್ತಿ ಸರಿಹೊಂದಿಸಿದರೆ ಪ್ರಿಂಟ್‌ನಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಸಾಫ್ಟ್‌ವೇರ್‌ನ ಕಾಲಂ ಹೆಸರುಗಳು ಹಾಗೇ ಉಳಿಯಬಾರದು. ಡೇಟಾದಲ್ಲಿ ರೂಪದ ಕಾಲಂ ಹೆಸರು "ಸಪ್" ಎಂದಿದೆ. ಓದುಗರಿಗೆ ಅದು ಯಾರ ಭಾಷೆ? ಪೂರ್ತಿ ಹೆಸರು ಬರೆಯಿರಿ.

ಕನ್ನಡದಲ್ಲೇ ಥೀಸಿಸ್ ಬರೆಯುವವರು ಫಾಂಟ್ ಬಗ್ಗೆ ಎಚ್ಚರ ವಹಿಸಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್ ಇರುವ ಪ್ಯಾರಾದೊಳಗೆ ಟೇಬಲ್ ಪೇಸ್ಟ್ ಮಾಡಿ ಫಾಂಟ್ ಒಂದೇ ಮಾಡಿದರೆ, ಇಂಗ್ಲಿಷ್ ಅಕ್ಷರಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತವೆ. ಇಡೀ ಕಡತವನ್ನು ಯೂನಿಕೋಡ್‌ನಲ್ಲೇ ಇಟ್ಟುಕೊಳ್ಳಿ.

ಪಠ್ಯದಲ್ಲಿ ಫಲಿತಾಂಶ ಹೀಗೆ ಬರಲಿ: "ವಿಟಮಿನ್ ಸಿ ರೂಪ ಮತ್ತು ಪ್ರಮಾಣದ ನಡುವೆ ಇಂಟರಾಕ್ಷನ್ ಕಂಡುಬಂತು, ಎಫ್(2, 54) = 4.11, ಪಿ = 0.022." ಆವರಣದ 2 ಇಂಟರಾಕ್ಷನ್‌ನ ಡಿಎಫ್, 54 ರೆಸಿಡ್ಯುಯಲ್‌ದು. ಟೇಬಲ್‌ನಲ್ಲಿರುವ ಉಳಿದ ಅಂಕಿಗಳನ್ನೆಲ್ಲ ಮತ್ತೆ ಇಲ್ಲಿ ಹೇಳಬೇಕಿಲ್ಲ. ಯಾವ ಅಂತರ ಎಷ್ಟು ದೊಡ್ಡದು, ಬೆಳೆಗೋ ರೋಗಿಗೋ ಅದರಿಂದ ಏನಾಗುತ್ತದೆ ಎಂದು ಬರೆಯಿರಿ.

ಕೆಲಸ ಮುಗಿದ ಮೇಲೆ ಜಮೋವಿಯ ಓಎಂವಿ ಫೈಲನ್ನು ಸೇವ್ ಮಾಡಿ ಇಡಿ. ಡೇಟಾ, ನೀವು ಮಾಡಿದ ಟಿಕ್‌ಗಳು, ಬಂದ ಟೇಬಲ್‌ಗಳು ಮೂರೂ ಅದರೊಳಗೇ ಇರುತ್ತವೆ. ಫೈಲ್ ಹೆಸರಿನಲ್ಲಿ ಟೇಬಲ್ ಸಂಖ್ಯೆ ಇರಲಿ. ಆರು ತಿಂಗಳ ಮೇಲೆ ರಿವ್ಯೂವರ್ "ಟೈಪ್ 2ರಲ್ಲಿ ಮಾಡಿ ತೋರಿಸಿ" ಎಂದು ಕೇಳಿದರೆ ಆ ಫೈಲ್ ತೆರೆದು, ಮಾಡೆಲ್ ಭಾಗಕ್ಕೆ ಹೋಗಿ, ಒಂದು ಕ್ಲಿಕ್ ಬದಲಿಸಿದರೆ ಆಯಿತು.